ಎಳೆಯುವ ಸಾಮರ್ಥ್ಯ ಮತ್ತು ಇಂಧನ ಮಿತವ್ಯಯ: ಕುಟುಂಬ ವಾಹನದ ಆಯ್ಕೆಯ ಲೆಕ್ಕಾಚಾರ

ದಕ್ಷಿಣ ಬೆಂಗಳೂರಿನ ವ್ಯಾಪಾರಿ ಕುಟುಂಬಗಳಲ್ಲಿ ಕಾರು ಒಂದೇ ಕೆಲಸಕ್ಕೆ ಮೀಸಲಾಗಿರುವುದು ವಿರಳ. ವಾರದ ಆರು ದಿನ ಬನಶಂಕರಿಯ ಮನೆಗೂ ಜಯನಗರದ ಅಂಗಡಿಗೂ ನಡುವೆ ಓಡಾಡುವ ವಾಹನವೇ ಭಾನುವಾರ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಊರಿನಾಚೆ ಹೋಗಬೇಕಾಗುತ್ತದೆ. ಜಲಕ್ರೀಡೆಯ ಹವ್ಯಾಸವುಳ್ಳವರಿಗೂ ವಿಹಾರಧಾಮಗಳಿಗೆ ದೋಣಿ ಒದಗಿಸುವ ಉದ್ಯಮಿಗಳಿಗೂ ಇದರ ಜೊತೆಗೆ ಮತ್ತೊಂದು ಅಪೇಕ್ಷೆಯಿರುತ್ತದೆ. ದೋಣಿಯನ್ನು ಟ್ರೇಲರ್ ಮೇಲಿರಿಸಿ ಶರಾವತಿ ಹಿನ್ನೀರಿನ ಹೊನ್ನೆಮರಡುವಿಗೋ ಮಲ್ಪೆಯ ತೀರಕ್ಕೋ ಎಳೆದೊಯ್ಯಬಲ್ಲ ವಾಹನ ಬೇಕು; ಆದರೆ ಅದರ ಇಂಧನ ವೆಚ್ಚ ಕೈಮೀರಬಾರದು. ಇವೆರಡೂ ಒಂದೇ ವಾಹನದಲ್ಲಿ ದೊರೆಯುವವೇ ಎಂಬುದನ್ನು ಹಣ ತೆರುವ ಮೊದಲೇ ಪರಿಶೀಲಿಸತಕ್ಕದ್ದು.

ಮೊದಲಿಗೆ ಮೈಲೇಜ್ ವಿಚಾರ. ಮಾರಾಟಗಾರರು ತೋರಿಸುವ ಅಂಕಿ ಪ್ರಯೋಗಾಲಯದ ಉರುಳೆಗಳ ಮೇಲೆ, ನಿಗದಿತ ವೇಗದ ಕ್ರಮದಲ್ಲಿ ಪಡೆದದ್ದು. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಇಪ್ಪತ್ತು ನಿಮಿಷ ನಿಲ್ಲುವ ಸಂದರ್ಭ ಅದರಲ್ಲಿಲ್ಲ. ಹಿಂದೆ ಟ್ರೇಲರ್ ಇರುವ ಸಂದರ್ಭವಂತೂ ಇಲ್ಲವೇ ಇಲ್ಲ. ಆದ್ದರಿಂದ ಆ ಅಂಕಿಯನ್ನು ಒಂದು ವಾಹನದೊಡನೆ ಇನ್ನೊಂದನ್ನು ಹೋಲಿಸಲು ಬಳಸಬಹುದೇ ಹೊರತು ತಿಂಗಳ ಖರ್ಚಿನ ಅಂದಾಜಿಗೆ ಬಳಸಲಾಗದು.

ಲೆಕ್ಕ ಬರೆಯುವ ವ್ಯಾಪಾರಿಗಳೂ ಎಡವುವ ಸ್ಥಳವೊಂದು ಇಲ್ಲಿದೆ. ವರ್ಷಕ್ಕೆ 10,000 ಕಿ.ಮೀ. ಓಡುವ ವಾಹನದ ಮೈಲೇಜ್ ಲೀಟರಿಗೆ 10ರಿಂದ 12 ಕಿ.ಮೀ.ಗೆ ಏರಿದರೆ ಉಳಿಯುವ ಇಂಧನ ಸುಮಾರು 167 ಲೀಟರ್. ಅದೇ 20ರಿಂದ 24ಕ್ಕೆ ಏರಿದರೆ ಉಳಿಯುವುದು ಸುಮಾರು 83 ಲೀಟರ್ ಮಾತ್ರ. ಎರಡನೆಯ ಏರಿಕೆ ನೋಡಲು ದೊಡ್ಡದು, ಉಳಿತಾಯ ಅರ್ಧದಷ್ಟು. ಹೀಗಾಗಿ 'ಲೀಟರಿಗೆ ಎಷ್ಟು ಕಿಲೋಮೀಟರ್' ಎಂಬುದಕ್ಕಿಂತ 'ನೂರು ಕಿಲೋಮೀಟರಿಗೆ ಎಷ್ಟು ಲೀಟರ್' ಎಂದು ಕೇಳುವುದು ಲೇಸು. ಯೂರೋಪಿನಲ್ಲಿ ರೂಢಿಯಲ್ಲಿರುವುದೂ ಈ ಕ್ರಮವೇ.

ಭಾರ ಎಳೆಯುವ ಬಗೆ

ಭಾರ ಎಳೆಯುವುದು ಕೇವಲ ಎಂಜಿನ್ನಿನ ಕೆಲಸವೆಂಬ ಭಾವನೆ ವ್ಯಾಪಕವಾಗಿದೆ. ವಾಸ್ತವವಾಗಿ ಚಾಸಿ, ಹಿಂದಿನ ಆಕ್ಸಲ್, ಕ್ಲಚ್, ಎಂಜಿನ್ ತಂಪಾಗಿಸುವ ವ್ಯವಸ್ಥೆ ಹಾಗೂ ಎಲ್ಲಕ್ಕಿಂತ ಮಿಗಿಲಾಗಿ ಬ್ರೇಕುಗಳು ಆ ಸಾಮರ್ಥ್ಯವನ್ನು ನಿರ್ಧರಿಸುತ್ತವೆ. ಟ್ರೇಲರಿನ ಭಾರದಲ್ಲಿ ಒಂದಂಶ ಕೊಕ್ಕೆಯ ಮೂಲಕ ಕಾರಿನ ಹಿಂಭಾಗದ ಮೇಲೆ ಬೀಳುತ್ತದೆ. ಮುಂದಿನ ಚಕ್ರಗಳಿಂದ ಚಲಿಸುವ ಕಾರಿನಲ್ಲಿ ಇದರಿಂದ ಮುಂಭಾಗ ಹಗುರಾಗಿ ಹಿಡಿತ ಕುಗ್ಗುತ್ತದೆ. ನೀರಂಚಿನ ಜಾರು ಇಳಿಜಾರಿನಿಂದ ದೋಣಿಯನ್ನು ಮೇಲೆಳೆಯುವಾಗ ಈ ಕೊರತೆ ಎದ್ದು ಕಾಣುತ್ತದೆ. ಹಿಂದಿನ ಚಕ್ರಗಳಿಂದ ಚಲಿಸುವ, ಪ್ರತ್ಯೇಕ ಚಾಸಿಯುಳ್ಳ ವಾಹನಗಳು ಈ ಕೆಲಸಕ್ಕೆ ಹೆಚ್ಚು ಒಗ್ಗುತ್ತವೆ. ಆದರೆ ಅವು ತೂಕದಲ್ಲಿಯೂ ಹೆಚ್ಚು, ಇಂಧನ ಬಳಕೆಯಲ್ಲಿಯೂ ಹೆಚ್ಚು.

ಬಿಡದಿಯಲ್ಲಿ ತಯಾರಾದ ಟೊಯೊಟಾ ವಾಹನಗಳ ಇತಿಹಾಸದಲ್ಲಿಯೇ ಈ ದ್ವಂದ್ವವನ್ನು ಕಾಣಬಹುದು. 2000ದಲ್ಲಿ ಬಂದ ಕ್ವಾಲಿಸ್, 2005ರ ಇನ್ನೋವಾ, 2016ರ ಕ್ರಿಸ್ಟಾ, ಈ ಮೂರೂ ಪ್ರತ್ಯೇಕ ಚಾಸಿಯ, ಹಿಂದಿನ ಚಕ್ರ ಚಾಲನೆಯ ವಾಹನಗಳು. 2022ರಲ್ಲಿ ಅನಾವರಣಗೊಂಡ ಹೈಕ್ರಾಸ್ ಇದಕ್ಕೆ ಭಿನ್ನವಾಗಿ ಏಕರೂಪದ ಒಡಲು ಮತ್ತು ಮುಂದಿನ ಚಕ್ರ ಚಾಲನೆಯನ್ನು ಅಳವಡಿಸಿಕೊಂಡಿತು. ಅದರ ಹೈಬ್ರಿಡ್ ಮಾದರಿಗೆ ಲೀಟರಿಗೆ 23.24 ಕಿ.ಮೀ. ಎಂಬ ಘೋಷಿತ ಅಂಕಿ ದೊರೆಯಿತು. ಜೆ.ಪಿ. ನಗರದಿಂದ ಬಿ.ಟಿ.ಎಂ. ಲೇಔಟಿಗೆ ನಿಂತು ನಿಂತು ಸಾಗುವ ಸಂಚಾರದಲ್ಲಿ ಹೈಬ್ರಿಡ್ ಹೆಚ್ಚು ಲಾಭದಾಯಕ, ಏಕೆಂದರೆ ಬ್ರೇಕ್ ಹಾಕಿದಾಗ ವ್ಯರ್ಥವಾಗುವ ಶಕ್ತಿಯ ಒಂದು ಪಾಲನ್ನು ಅದು ಬ್ಯಾಟರಿಗೆ ಮರಳಿಸುತ್ತದೆ. ಶಿರಾಡಿ ಘಾಟಿಯಂತಹ ದೀರ್ಘ ಇಳಿಜಾರಿನಲ್ಲಿ ಬ್ಯಾಟರಿ ತುಂಬಿದ ಮೇಲೆ ಈ ಮರಳಿಕೆ ನಿಲ್ಲುತ್ತದೆ. ಅಲ್ಲಿಂದ ಮುಂದೆ ಭಾರವನ್ನು ತಡೆಯುವ ಹೊಣೆ ಎಂಜಿನ್ ಮತ್ತು ಚಕ್ರದ ಬ್ರೇಕುಗಳದ್ದು. ಟ್ರೇಲರಿಗೆ ಸ್ವಂತ ಬ್ರೇಕ್ ಇಲ್ಲದಿದ್ದರೆ ಅದರ ಭಾರವನ್ನೂ ಕಾರಿನ ಬ್ರೇಕುಗಳೇ ಹೊರಬೇಕು.

ಎತ್ತರದ ಪ್ರಶ್ನೆಯೂ ಉಂಟು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿಯ ತೆಳುಗಾಳಿಯಲ್ಲಿ ಟರ್ಬೊ ಇಲ್ಲದ ಪೆಟ್ರೋಲ್ ಎಂಜಿನ್ ತನ್ನ ಶಕ್ತಿಯ ಸುಮಾರು ಹತ್ತನೆಯ ಒಂದು ಭಾಗವನ್ನು ಕಳೆದುಕೊಳ್ಳುತ್ತದೆ. ಟರ್ಬೊ ಡೀಸೆಲ್‌ಗೆ ಈ ನಷ್ಟ ಅಷ್ಟಾಗಿ ತಟ್ಟದು.

ಕಾಗದಪತ್ರದಲ್ಲಿರುವ ಉತ್ತರ

1988ರ ಮೋಟಾರು ವಾಹನ ಕಾಯ್ದೆಯ ದೃಷ್ಟಿಯಲ್ಲಿ ಟ್ರೇಲರ್ ಎಂಬುದು ಕಾರಿಗೆ ಸಿಕ್ಕಿಸುವ ಸಲಕರಣೆಯಲ್ಲ. ಅದಕ್ಕೆ ಪ್ರತ್ಯೇಕ ನೋಂದಣಿ ಅಗತ್ಯ. ಅದೇ ಕಾಯ್ದೆಯ 52ನೆಯ ಕಲಂ ತಯಾರಕರ ಮೂಲ ವಿವರಗಳಿಗೆ ವ್ಯತಿರಿಕ್ತವಾದ ಮಾರ್ಪಾಟನ್ನು ನಿರ್ಬಂಧಿಸುತ್ತದೆ. ಹೀಗಿರುವಾಗ ಗ್ಯಾರೇಜೊಂದರಲ್ಲಿ ಬೆಸುಗೆ ಹಾಕಿಸಿದ ಕೊಕ್ಕೆಯನ್ನು ನಂಬಿ ಅರ್ಧ ಟನ್ ಎಳೆದು ಅಪಘಾತವಾದರೆ ವಿಮಾ ಸಂಸ್ಥೆಯ ಮುಂದೆ ಮಾಲೀಕನ ವಾದ ದುರ್ಬಲವಾಗುತ್ತದೆ.

ಆಸ್ಟ್ರೇಲಿಯಾದ ಮಾರುಕಟ್ಟೆಯಲ್ಲಿ ಎಳೆಯುವ ಮಿತಿಯನ್ನು ತಯಾರಕರು ಮುದ್ರಿಸಿಯೇ ಕೊಡುತ್ತಾರೆ. 2023ರಲ್ಲಿ ಅಲ್ಲಿ ಬಿಡುಗಡೆಯಾದ ಮಹೀಂದ್ರಾ ಸ್ಕಾರ್ಪಿಯೊ ಡೀಸೆಲ್‌ಗೆ ಬ್ರೇಕ್ ಇರುವ ಟ್ರೇಲರಾದರೆ 2,500 ಕಿಲೋ ಎಂದೂ, ಮುಂದಿನ ಚಕ್ರ ಚಾಲನೆಯ ಎಕ್ಸ್‌ಯುವಿ 700ಕ್ಕೆ 1,500 ಕಿಲೋ ಎಂದೂ ನಮೂದಿಸಲಾಯಿತು. ಎರಡೂ ಭಾರತದಲ್ಲಿ ತಯಾರಾದ ವಾಹನಗಳೇ. ಆದರೆ ಅಲ್ಲಿಯ ಅಂಕಿ ಇಲ್ಲಿಯ ಗ್ರಾಹಕನಿಗೆ ಆಧಾರವಾಗದು. ಇಲ್ಲಿ ಮಾರಾಟವಾಗುವ ಮಾದರಿಯ ಕೈಪಿಡಿ ಏನನ್ನು ಹೇಳುತ್ತದೆಯೋ ಅದೇ ಮಾನ್ಯ.

ದೋಣಿಯ ತೂಕವನ್ನು ತಿಳಿದರೆ ಅನೇಕ ವೇಳೆ ಸಮಸ್ಯೆಯೇ ಕರಗುತ್ತದೆ. ಮಕ್ಕಳು ಹಾಯಿ ಕಲಿಯುವ 'ಆಪ್ಟಿಮಿಸ್ಟ್' ದೋಣಿಯ ಒಡಲಿನ ತೂಕ 35 ಕಿಲೋ, ಉದ್ದ 2.3 ಮೀಟರ್. ಇಂತಹುದಕ್ಕೆ ಟ್ರೇಲರ್ ಏಕೆ? ಕೈಪಿಡಿಯ ಮಿತಿಯೊಳಗಿದ್ದರೆ ಮಾಳಿಗೆಯ ಕ್ಯಾರಿಯರ್ ಸಾಕು. ಗಾಳಿ ತುಂಬುವ ದೋಣಿಯನ್ನು ಮಡಿಸಿ ಡಿಕ್ಕಿಯಲ್ಲಿಯೇ ಇಡಬಹುದು. ಎಂಜಿನ್ ಸಹಿತವಾದ ಫೈಬರ್ ದೋಣಿ ಕೊಂಡವರಿಗೆ ಮಾತ್ರ ನಿಜವಾದ ಇಕ್ಕಟ್ಟು. 30×40 ಅಡಿಯ ನಿವೇಶನದಲ್ಲಿ ಆ ಟ್ರೇಲರನ್ನು ನಿಲ್ಲಿಸುವುದೆಲ್ಲಿ ಎಂಬುದೂ ಆ ಇಕ್ಕಟ್ಟಿನ ಭಾಗವೇ.

ಉದ್ದಿಮೆಗಾಗಿ ದೋಣಿ ಸಾಗಿಸುವವರು ತೆರಿಗೆಯತ್ತಲೂ ಗಮನ ಹರಿಸಬೇಕು. 2025ರ ಸೆಪ್ಟೆಂಬರ್ 22ರಿಂದ ನಾಲ್ಕು ಮೀಟರಿಗಿಂತ ಉದ್ದದ ಪೆಟ್ರೋಲ್, ಡೀಸೆಲ್ ಮತ್ತು ಹೈಬ್ರಿಡ್ ಕಾರುಗಳಿಗೆ ಶೇ. 40, ಸರಕು ಸಾಗಣೆ ವಾಹನಗಳಿಗೆ ಶೇ. 18 ಜಿ.ಎಸ್.ಟಿ. ನಿಗದಿಯಾಯಿತು. ಪ್ರಯಾಣಿಕರ ಕಾರಿನ ಮೇಲೆ ತೆತ್ತ ತೆರಿಗೆಗೆ ಸಾಮಾನ್ಯ ವ್ಯಾಪಾರಿಗೆ ಹೂಡುವಳಿ ತೆರಿಗೆ ಜಮೆ ದೊರೆಯದು. ವ್ಯವಹಾರಕ್ಕೆ ಬಳಸುವ ಸರಕು ವಾಹನಕ್ಕೆ ದೊರೆಯುತ್ತದೆ. ಲಘು ಮೋಟಾರು ವಾಹನದ ಪರವಾನಗಿ ಉಳ್ಳವರು ಒಟ್ಟು ತೂಕ 7,500 ಕಿಲೋ ಮೀರದ ಸರಕು ವಾಹನವನ್ನೂ ಚಲಾಯಿಸಬಹುದೆಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠ 2024ರ ನವೆಂಬರಿನಲ್ಲಿ ತೀರ್ಪಿತ್ತಿದೆ. ಹೀಗಾಗಿ ನಿತ್ಯದ ಓಡಾಟಕ್ಕೆ ಮಿತವ್ಯಯದ ಸಣ್ಣ ಕಾರು, ದೋಣಿ ಸಾಗಿಸಲು ಪಿಕ್‌ಅಪ್ ಎಂಬ ಜೋಡಿ ಅನೇಕರಿಗೆ ಒಂದು ದೊಡ್ಡ ಕಾರಿಗಿಂತ ಅಗ್ಗವಾಗಿ ಪರಿಣಮಿಸುತ್ತದೆ. ವರ್ಷಕ್ಕೆ ಎರಡೋ ಮೂರೋ ಬಾರಿ ಮಾತ್ರ ನೀರಿಗಿಳಿಯುವ ಹವ್ಯಾಸಿಗಂತೂ ಬಾಡಿಗೆಯ ಪಿಕ್‌ಅಪ್ಪೇ ಸಾಕು. ಆ ಮೂರು ದಿನಗಳಿಗಾಗಿ ಉಳಿದ ದಿನಗಳೆಲ್ಲ ಭಾರಿ ವಾಹನದ ಇಂಧನ ವೆಚ್ಚ ಹೊರುವುದು ವಿವೇಕವೆನಿಸದು.

ಇಷ್ಟಾಗಿಯೂ ಒಂದೇ ವಾಹನ ಬೇಕೆನ್ನುವವರು ಮುಂಗಡ ನೀಡುವ ಮೊದಲು ಮೂರು ವಿವರಗಳನ್ನು ಮಾರಾಟಗಾರರಿಂದ ಲಿಖಿತವಾಗಿ ಪಡೆಯಬೇಕು: ಬ್ರೇಕ್ ಇರುವ ಹಾಗೂ ಇಲ್ಲದ ಟ್ರೇಲರಿನ ಗರಿಷ್ಠ ತೂಕ, ಕೊಕ್ಕೆಯ ಮೇಲೆ ಬೀಳಬಹುದಾದ ಭಾರ ಮತ್ತು ಕೊಕ್ಕೆ ಅಳವಡಿಸಿದರೂ ವಾರಂಟಿ ಮುಂದುವರಿಯುವುದೆಂಬ ಖಚಿತತೆ. ಲಿಖಿತ ಉತ್ತರ ಬಾರದಿದ್ದರೆ ಆ ವಾಹನದ ಎಳೆಯುವ ಸಾಮರ್ಥ್ಯ ಸೊನ್ನೆಯೆಂದೇ ಲೆಕ್ಕ ಹಿಡಿಯತಕ್ಕದ್ದು.