ವಾಲ್ವಿನ ಗಿಟಾರ್ ಧ್ವನಿವರ್ಧಕ: ನಾದವನ್ನು ತಿದ್ದುವ ಬಗೆ



ವಿದ್ಯುತ್ ಗಿಟಾರಿನ ತಂತಿಯನ್ನು ಬರಿದೇ ಮೀಟಿದರೆ ಕೇಳಿಬರುವ ಸದ್ದು ಅತ್ಯಲ್ಪ. ಸಭೆಯಲ್ಲಿ ಭಾಷಣಕ್ಕೆ ಇಡುವ ಧ್ವನಿವರ್ಧಕವು ತನಗೆ ಬಂದುದನ್ನು ಇದ್ದಂತೆಯೇ ಹಿಗ್ಗಿಸಬೇಕು. ಗಿಟಾರಿನ ಧ್ವನಿವರ್ಧಕವಾದರೋ ತನ್ನದೊಂದು ಬಣ್ಣವನ್ನು ಬೆರೆಸಿ ಕೊಡಬೇಕು. ಆ ಬಣ್ಣವನ್ನು ತಿದ್ದುವುದೆಂತು ಎಂಬುದೇ ಈ ಪಾಠದ ವಿಷಯ.

ಇದಕ್ಕೆ ಪ್ರಸಿದ್ಧ ನಿದರ್ಶನವೊಂದುಂಟು. 1962ರಲ್ಲಿ ಲಂಡನ್ನಿನ ವಾದ್ಯವ್ಯಾಪಾರಿ ಜಿಮ್ ಮಾರ್ಷಲ್ ಎಂಬವರು ಕೆನ್ ಬ್ರಾನ್, ಡಡ್ಲಿ ಕ್ರೇವನ್ ಎಂಬವರ ನೆರವಿನಿಂದ ಒಂದು ಧ್ವನಿವರ್ಧಕವನ್ನು ಕಟ್ಟಿಸಿದರು. ಮಾದರಿ ಅಮೆರಿಕದ ಫೆಂಡರ್ ಸಂಸ್ಥೆಯ 'ಬೇಸ್‌ಮನ್'. ನಕ್ಷೆ ಬಹುಮಟ್ಟಿಗೆ ಅದೇ. ಆದರೂ ಹೊಮ್ಮಿದ ನಾದ ಬೇರೆ. ಕಾರಣಗಳು ಹಲವು. ಅವುಗಳಲ್ಲಿ ಒಂದು ಮೊದಲನೆಯ ವಾಲ್ವು. ಫೆಂಡರಿನಲ್ಲಿದ್ದ 12ಎವೈ7 ವಾಲ್ವಿನ ವರ್ಧನಾಂಕ ಸುಮಾರು 44. ಮಾರ್ಷಲ್ಲರು ಹಾಕಿದ ಇಸಿಸಿ83 ವಾಲ್ವಿನದು 100. ಎರಡೂ ಒಂದೇ ಸಾಕೆಟ್ಟಿನಲ್ಲಿ ಕೂರುತ್ತವೆ. ಬೆಸುಗೆಯಿಲ್ಲದೆ ಮಾಡಬಹುದಾದ ಬದಲಾವಣೆಯಿದು. ತಿದ್ದುವವರು ಮೊದಲು ಇದನ್ನೇ ಪರೀಕ್ಷಿಸುವುದು ಜಾಣತನವೆಂದು ನನ್ನ ಅಭಿಪ್ರಾಯ.

ಇದಕ್ಕಿಂತ ಸೂಕ್ಷ್ಮವಾದ ಸಂಗತಿ ಇನ್ನೊಂದಿದೆ. ವಾಲ್ವಿನೊಳಗೆ ಕಾದ ಕ್ಯಾಥೋಡಿನಿಂದ ಎಲೆಕ್ಟ್ರಾನುಗಳು ಹೊರಟು ಪ್ಲೇಟಿನತ್ತ ಧಾವಿಸುತ್ತವೆ. ನಡುವಣ ಗ್ರಿಡ್ಡು ಕೆರೆಯ ತೂಬಿನಂತೆ. ಗಿಟಾರಿನ ಕ್ಷೀಣ ಸಂಕೇತವು ಅದನ್ನು ಕೊಂಚ ಅಲುಗಿಸಿದರೆ ದೊಡ್ಡ ಪ್ರವಾಹವೇ ಏರಿಳಿಯುತ್ತದೆ. ಈ ಪ್ರವಾಹವು ಕ್ಯಾಥೋಡಿಗೆ ಸೇರಿಸಿದ ರೆಸಿಸ್ಟರಿನ ಮೂಲಕ ಸಾಗಬೇಕಾದುದರಿಂದ, ಸಂಕೇತ ಏರಿದಂತೆಲ್ಲ ಕ್ಯಾಥೋಡಿನ ವೋಲ್ಟೇಜೂ ಏರಿ ವರ್ಧನವನ್ನು ಕುಗ್ಗಿಸುತ್ತದೆ. ರೆಸಿಸ್ಟರಿಗೆ ಸಮಾಂತರವಾಗಿ ಕಂಡೆನ್ಸರೊಂದನ್ನು ಜೋಡಿಸಿದರೆ ಸಂಕೇತಕ್ಕೆ ಬಳಸುದಾರಿ ದೊರೆತು ಈ ಕುಗ್ಗು ತಪ್ಪುತ್ತದೆ. ಆದರೆ ಕಂಡೆನ್ಸರು ಚಿಕ್ಕದಾದಷ್ಟೂ ಮಂದ್ರಸ್ವರಗಳಿಗೆ ಆ ದಾರಿ ಇಕ್ಕಟ್ಟು.

ಎಷ್ಟು ಇಕ್ಕಟ್ಟೆಂಬುದನ್ನು ಲೆಕ್ಕದಿಂದ ತಿಳಿಯಬಹುದು. 6.28, ರೆಸಿಸ್ಟರಿನ ಓಮ್, ಕಂಡೆನ್ಸರಿನ ಫ್ಯಾರಡ್, ಈ ಮೂರನ್ನು ಗುಣಿಸಿ, ಬಂದ ಗುಣಲಬ್ಧದಿಂದ 1ನ್ನು ಭಾಗಿಸಿರಿ. (ಒಂದು ಮೈಕ್ರೋಫ್ಯಾರಡ್ ಎಂದರೆ ಫ್ಯಾರಡಿನ ಹತ್ತು ಲಕ್ಷದಲ್ಲೊಂದು ಪಾಲು.) 1,500 ಓಮ್, 25 ಮೈಕ್ರೋಫ್ಯಾರಡ್ ಆದರೆ ಉತ್ತರ ಸೆಕೆಂಡಿಗೆ ಸುಮಾರು 4 ಕಂಪನ. ಗಿಟಾರಿನ ಅತಿ ದಪ್ಪ ತಂತಿಯೇ ಸುಮಾರು 82 ಬಾರಿ ಕಂಪಿಸುವುದರಿಂದ ಇಲ್ಲಿ ಯಾವ ಸ್ವರಕ್ಕೂ ಅಡ್ಡಿಯಿಲ್ಲ. 1960ರ ದಶಕದ ಕೊನೆಯ ಹೊತ್ತಿಗೆ ಮಾರ್ಷಲ್ ಧ್ವನಿವರ್ಧಕಗಳಲ್ಲಿ 2,700 ಓಮ್, 0.68 ಮೈಕ್ರೋಫ್ಯಾರಡ್ ಜೋಡಿ ಬಂದಿತು. ಆಗ ಉತ್ತರ ಸುಮಾರು 87. ದಪ್ಪ ತಂತಿಯ ಮೂಲಸ್ವರವೇ ಗಡಿಯ ಕೆಳಗೆ ಉಳಿಯಿತು. ಅಲ್ಲಿಂದ ಮೇಲಕ್ಕೆ ವರ್ಧನವು ಮೆಲ್ಲಮೆಲ್ಲನೆ ಏರುತ್ತದೆ. ಜೋರಾಗಿ ನುಡಿಸಿ ವಾಲ್ವನ್ನು ಮಿತಿಮೀರಿ ದುಡಿಸುವಾಗ ಮಂದ್ರವು ಹೆಚ್ಚಾದರೆ ಸ್ವರಗಳೆಲ್ಲ ಕಲಸಿಹೋಗುತ್ತವೆ. ಅದನ್ನು ಮೊದಲೇ ತಗ್ಗಿಸಿದರೆ ನಾದ ಚುರುಕಾಗುತ್ತದೆ. ಕೆಲವೇ ಕಾಸಿನ ಕಂಡೆನ್ಸರು ಮಾಡಿದ ಕೆಲಸವಿದು!

ಪಾಲಕರು ಮುಂದಿನ ಮಾತನ್ನು ತಪ್ಪದೆ ಓದಬೇಕು. ಇಂಥ ಪೆಟ್ಟಿಗೆಯೊಳಗೆ 400 ವೋಲ್ಟಿಗೂ ಮಿಕ್ಕಿ ಇರುವುದುಂಟು. ಪ್ಲಗ್ಗನ್ನು ಕಿತ್ತ ಮೇಲೂ ದೊಡ್ಡ ಕಂಡೆನ್ಸರುಗಳಲ್ಲಿ ಪ್ರಾಣಕ್ಕೆ ಎರವಾಗುವಷ್ಟು ವಿದ್ಯುತ್ತು ಉಳಿದಿರಬಹುದು. ಬಲ್ಲವರು ಅದನ್ನು ರೆಸಿಸ್ಟರಿನ ಮೂಲಕ ಹರಿಯಬಿಟ್ಟು, ಮೀಟರಿನಿಂದ ಅಳೆದು ನೋಡಿದ ಹೊರತು ಕೈಯಿಡುವುದಿಲ್ಲ. ಮಕ್ಕಳು ಮುಚ್ಚಳವನ್ನು ತೆರೆಯಲೇ ಕೂಡದು. ಲೆಕ್ಕವನ್ನು ಮಾಡಿ, ಕೆಲಸವನ್ನು ಪಕ್ಕದಲ್ಲಿ ನಿಂತು ನೋಡಿರಿ. ಸ್ಪೀಕರನ್ನು ಜೋಡಿಸದೆ ಚಾಲೂ ಮಾಡಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗುವ ಭಯವೂ ಇದೆ.

ಒಂದು ಸಲಕ್ಕೆ ಒಂದೇ ಭಾಗವನ್ನು ಬದಲಿಸಬೇಕು. ತೆಗೆದುದನ್ನು ಚೀಟಿ ಕಟ್ಟಿ ಇಟ್ಟುಕೊಳ್ಳಬೇಕು. ಕಿವಿ ಹೊಸ ನಾದಕ್ಕೆ ಬೇಗನೆ ಒಗ್ಗಿ ಹಳೆಯದನ್ನು ಮರೆಯುವುದರಿಂದ ಮರುದಿನ ಇನ್ನೊಮ್ಮೆ ಕೇಳಿದರೆ ಒಳ್ಳೆಯದು.

ಅಭ್ಯಾಸ: 2,700 ಓಮಿನ ಜೊತೆ 0.68ರ ಬದಲು 1 ಮೈಕ್ರೋಫ್ಯಾರಡ್ ಹಾಕಿದರೆ ಗಡಿಯು ಎಲ್ಲಿಗೆ ಇಳಿಯುವುದು? ದಪ್ಪ ತಂತಿಯ ಮೂಲಸ್ವರವು ಆಗ ಅದರ ಮೇಲೋ, ಕೆಳಗೋ?