ಎಳನೀರು–ಪುದೀನ ಜಿನ್: ಎಲೆ ಜಜ್ಜಬೇಡಿ

ಜಿನ್‌ಗೆ ನಿಂಬೆರಸ, ಸಕ್ಕರೆ ಪಾಕ, ಹಸಿ ಪುದೀನ ಸೇರಿದರೆ ಅದು ಜಗತ್ತಿನ ಬಾರ್‌ಗಳಲ್ಲಿ ‘ಸೌತ್‌ಸೈಡ್’. ಮೇಲೆ ಸೋಡಾ ಬಿದ್ದರೆ ‘ಸೌತ್‌ಸೈಡ್ ಫಿಜ್’. ನಮ್ಮ ಕಡೆ ಸೋಡಾದ ಜಾಗಕ್ಕೆ ಎಳನೀರೇ ಸರಿ. ವಾಣಿವಿಲಾಸ ಸಾಗರದ ನೀರು ಕಂಡ ಹಿರಿಯೂರಿನ ತೋಟಗಳಿಂದ ಹಿಡಿದು ಹೊಸದುರ್ಗ, ಹೊಳಲ್ಕೆರೆವರೆಗೆ ತೆಂಗು ಇದೆ. ಬೇಸಿಗೆಯಲ್ಲಿ ಚಿತ್ರದುರ್ಗದ ರಸ್ತೆಬದಿಯಲ್ಲೂ ಎಳನೀರು ಸಿಗುತ್ತದೆ. ಜಿನ್ನಿನ ಘಾಟನ್ನು ಅದು ತಗ್ಗಿಸುತ್ತದೆ, ಪುದೀನದ ಪರಿಮಳವನ್ನು ಮುಚ್ಚುವುದಿಲ್ಲ.

ಒಂದು ಲೋಟಕ್ಕೆ ಬೇಕಾಗುವುದು: ಪುದೀನ ಎಲೆ 8–10, ನಿಂಬೆರಸ 20 ಮಿ.ಲೀ., ಸಕ್ಕರೆ ಪಾಕ 10 ಮಿ.ಲೀ. (ಎರಡು ಟೀ ಚಮಚ), ಜಿನ್ 45 ಮಿ.ಲೀ., ತಣ್ಣನೆಯ ಎಳನೀರು 90 ಮಿ.ಲೀ., ಐಸ್.

ಇದರಲ್ಲಿ ಸೋಲು–ಗೆಲುವು ಪುದೀನದ್ದೇ. ಕಾಂಡ ಕಪ್ಪಾಗಿರದ, ಎಲೆ ಬಾಡಿರದ ಕಟ್ಟು ಆರಿಸಿ. ಮನೆಗೆ ತಂದ ಕೂಡಲೇ ಬುಡವನ್ನು ಸ್ವಲ್ಪ ಕತ್ತರಿಸಿ ನೀರಿನ ಲೋಟದಲ್ಲಿ ನಿಲ್ಲಿಸಿದರೆ ಸೊಪ್ಪು ಚೇತರಿಸಿಕೊಳ್ಳುತ್ತದೆ. ಮಿಕ್ಕ ಕಡ್ಡಿಗಳನ್ನು ಕುಂಡದಲ್ಲಿ ನೆಟ್ಟರೆ ಬೇರು ಬಿಡುತ್ತವೆ. ಆದರೆ ನಮ್ಮ ಮಧ್ಯಾಹ್ನದ ಬಿಸಿಲು ಪುದೀನಕ್ಕೆ ಆಗಿಬರುವುದಿಲ್ಲ. ಬೆಳಗಿನ ಬಿಸಿಲಷ್ಟೇ ಬೀಳುವ ಜಾಗ, ಒಣಗದ ಮಣ್ಣು ಬೇಕು.

ಸಕ್ಕರೆ ಪಾಕ ಮೊದಲೇ ಮಾಡಿಡಿ. ಸಮಪ್ರಮಾಣದ ಸಕ್ಕರೆ, ನೀರು ಬಿಸಿ ಮಾಡಿ, ಸಕ್ಕರೆ ಕರಗಿದ ತಕ್ಷಣ ಇಳಿಸಿ ಆರಿಸಿ. ಎಳೆ ಪಾಕ ಬೇಡ. ಬರೀ ಸಕ್ಕರೆ ಹಾಕಿದರೆ ತಣ್ಣನೆಯ ಪಾನೀಯದಲ್ಲಿ ಪೂರ್ತಿ ಕರಗದೆ ತಳದಲ್ಲಿ ಉಳಿಯುತ್ತದೆ.

ಈಗ ಎಲೆಗಳನ್ನು ಅಂಗೈಯಲ್ಲಿಟ್ಟು ಇನ್ನೊಂದು ಕೈಯಿಂದ ಒಮ್ಮೆ ತಟ್ಟಿ. ಪರಿಮಳದ ಎಣ್ಣೆ ಎಲೆಯ ಮೇಲ್ಮೈಯ ಸಣ್ಣ ಗ್ರಂಥಿಗಳಲ್ಲಿರುತ್ತದೆ, ಅಷ್ಟಕ್ಕೇ ಘಮ್ಮೆನ್ನುತ್ತದೆ. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಗೆ ಎಲೆ, ಪಾಕ, ನಿಂಬೆರಸ ಹಾಕಿ ಲಟ್ಟಣಿಗೆಯ ತುದಿಯಿಂದ ಮೂರು ನಾಲ್ಕು ಸಲ ಮೆಲ್ಲಗೆ ಒತ್ತಿ. ಚಟ್ನಿಗೆ ಜಜ್ಜಿದಂತೆ ಜಜ್ಜಿದರೆ ಎಲೆ ಹರಿದು ಹಸಿ ಸೊಪ್ಪಿನ ಕಹಿ ಬಿಡುತ್ತದೆ. ಆಮೇಲೆ ಎಷ್ಟು ಸಕ್ಕರೆ ಸುರಿದರೂ ಅದು ಹೋಗುವುದಿಲ್ಲ. ನಿಂಬೆಯನ್ನೂ ಸಿಪ್ಪೆಯ ಕಹಿ ಇಳಿಯುವಷ್ಟು ಹಿಂಡಬೇಡಿ.

ಜಿನ್ ಅಳೆದೇ ಹಾಕಿ, ಅಂದಾಜು ಬೇಡ. 45 ಮಿ.ಲೀ. ಅಂದರೆ ಒಂದೂವರೆ ಸ್ಮಾಲ್ ಪೆಗ್. ಡಬ್ಬಿಗೆ ಐಸ್ ತುಂಬಿ, ಮುಚ್ಚಿ, ಹೊರಮೈ ಬೆವರುವವರೆಗೆ ಜೋರಾಗಿ ಕುಲುಕಿ. ಹತ್ತು–ಹನ್ನೆರಡು ಸೆಕೆಂಡು ಸಾಕು. ಚಹಾ ಸೋಸುವ ಜರಡಿಯಲ್ಲಿ ಹೊಸ ಐಸ್ ಇರುವ ಲೋಟಕ್ಕೆ ಸೋಸಿ, ಎಳನೀರು ಸುರಿದು ಒಮ್ಮೆ ಕಲಕಿ. ಎಳನೀರು ಸಿಹಿಯಾಗಿದ್ದರೆ ಪಾಕವನ್ನು ಅರ್ಧಕ್ಕೆ ಇಳಿಸಿ. ಕಾಯಿ ಕೊಚ್ಚಿದ ದಿನವೇ ಬಳಸಿ. ಇಟ್ಟ ಎಳನೀರು ಬೇಗ ಹುಳಿಯುತ್ತದೆ. ಮೇಲೊಂದು ಪುದೀನ ಕುಡಿ, ಹಿರಿಯೂರು ಕಡೆಯ ದಾಳಿಂಬೆ ಸಿಕ್ಕರೆ ಹತ್ತಾರು ಕಾಳು.

ಒಂದು ಮಾತನ್ನು ಒತ್ತಿ ಹೇಳಬೇಕು. ಪುದೀನ ನಾಲಿಗೆಗೆ ತಂಪೆನಿಸಿದರೂ ಮದ್ಯ ದಾಹ ತಣಿಸುವುದಿಲ್ಲ. ಮೂತ್ರ ಹೆಚ್ಚಿಸಿ ಮೈಯ ನೀರನ್ನು ಹೊರಹಾಕುತ್ತದೆ. ಬಿಸಿಲಲ್ಲಿ ದುಡಿದು ಬಂದ ಕೂಡಲೇ ಇದನ್ನು ಕೈಗೆತ್ತಿಕೊಳ್ಳಬೇಡಿ. ಮೊದಲು ನೀರು, ಊಟ. ಸಂಜೆ ಒಂದೇ ಲೋಟ. ಕುಡಿದ ಮೇಲೆ ಗಾಡಿ ಮುಟ್ಟಬಾರದು. ಗರ್ಭಿಣಿಯರಿಗೆ ಮದ್ಯ ಸಲ್ಲದು. ಸಕ್ಕರೆ ಕಾಯಿಲೆಯವರು, ನಿದ್ರೆ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಮುಟ್ಟಬೇಡಿ.

ಜಿನ್ ಬೇಡದವರಿಗೆ ಅದರ ಬದಲು ಅಷ್ಟೇ ಎಳನೀರು, ಅರ್ಧ ಚಮಚ ಶುಂಠಿರಸ, ಚಿಟಿಕೆ ಉಪ್ಪು ಹಾಕಿ ಹೀಗೇ ಕುಲುಕಿ ಕೊಡಿ. ಮನೆಯಲ್ಲಿ ಮಕ್ಕಳಿದ್ದರೆ ಇದನ್ನೇ ಮೊದಲು ಮಾಡಿ, ಡಬ್ಬಿ ತೊಳೆದು ಆಮೇಲೆ ಜಿನ್ ತೆರೆಯಿರಿ.