ಭುರಟ್ ಹುಲ್ಲು: ಮೇವಿಗೂ ಕಾಳಿಗೂ ಕೊಯ್ಯುವ ಕ್ರಮ

ರಾಜಸ್ಥಾನದ ಬಾಡಮೇರ, ಜೈಸಲ್ಮೇರ, ಬಿಕಾನೇರ ಸೀಮೆಗಳ ಮರಳುನೆಲದಲ್ಲಿ, ಮುಂಗಾರಿನ ಮೊದಲ ಮಳೆ ಬಿದ್ದೊಡನೆ ತಾನಾಗಿ ಮೊಳೆತು, ಚಳಿಗಾಲ ಕಾಲಿಡುವಷ್ಟರಲ್ಲಿ ತೆನೆಯುದುರಿಸಿ ಒಣಗುವ ಏಕವಾರ್ಷಿಕ ತೃಣವೊಂದುಂಟು. ಅಲ್ಲಿನ ಜನ ಅದನ್ನು ಭುರಟ್ ಎನ್ನುವರು. ಸಸ್ಯಶಾಸ್ತ್ರಜ್ಞ ವಿಲಿಯಂ ರಾಕ್ಸ್‌ಬರ್ಗನು ಇದಕ್ಕೆ ಸೆಂಕ್ರಸ್ ಬೈಫ್ಲೋರಸ್ ಎಂಬ ಹೆಸರಿತ್ತನು. ಸಹಾರಾದ ದಕ್ಷಿಣದಂಚಿನಲ್ಲಿಯೂ ಇದು ವಿಪುಲವಾಗಿ ಬೆಳೆಯುತ್ತದೆ. ದನಕರುಗಳಿಗೆ ಮೇವಾಗಿ, ಕ್ಷಾಮದಲ್ಲಿ ಮನುಷ್ಯನಿಗೂ ಆಹಾರವಾಗಿ ಒದಗುವ ಈ ಹುಲ್ಲು ಹೊತ್ತು ತಪ್ಪಿ ಕೈಹಾಕಿದವರಿಗೆ ಬರಿಯ ಮುಳ್ಳಾಗುವುದರಿಂದ, ಕಾಲವರಿತು ಕೊಯ್ಯುವುದೇ ಇದರ ಬಳಕೆಯ ಮರ್ಮ.

ಮೊದಲು ತೆನೆಯನ್ನು ಹತ್ತಿರದಿಂದ ನೋಡಿರಿ. ಒಂದೊಂದು ಕಾಯಿಯೂ ಕೆಲವೇ ಮಿಲಿಮೀಟರುಗಳಷ್ಟು. ಹೊರಸುತ್ತಿನಲ್ಲಿ ಗಿಡ್ಡ ಮುಳ್ಳುಗಳು, ಒಳಸುತ್ತಿನಲ್ಲಿ ಚಪ್ಪಟೆಯಾದ ಉದ್ದ ಮುಳ್ಳುಗಳು. ಇವುಗಳ ಮೈಮೇಲೆ ಹಿಮ್ಮುಖವಾಗಿ ತಿರುಗಿದ ಸೂಕ್ಷ್ಮ ಕೊಕ್ಕೆಗಳಿರುವುದರಿಂದ, ಒಮ್ಮೆ ಚರ್ಮವನ್ನು ಹೊಕ್ಕ ಮುಳ್ಳು ಸುಲಭವಾಗಿ ಹಿಂದೆ ಬಾರದು. ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ ಆಫ್ರಿಕದ ಒಳನಾಡುಗಳಲ್ಲಿ ಸಂಚರಿಸಿದ ಹೈನ್‌ರಿಶ್ ಬಾರ್ಟ್, ಇದನ್ನು ಕೀಳುವುದಕ್ಕಾಗಿಯೇ ಜನ ಸದಾ ಚಿಮಟವನ್ನು ಜೊತೆಗಿರಿಸಿಕೊಳ್ಳುವರೆಂದು ಬರೆದಿಟ್ಟಿರುವನು. ಆದುದರಿಂದ ಗಟ್ಟಿ ಪಾದರಕ್ಷೆ, ಚರ್ಮದ ಕೈಗವಸು, ಚಿಮಟ, ಈ ಮೂರೂ ಇಲ್ಲದೆ ಹೊರಡಬೇಡಿರಿ.

ಮೇವಿಗಾದರೆ ತೆನೆ ಹೊರಡುವ ಮುನ್ನವೇ ಕುಡುಗೋಲು ಬೀಳಬೇಕು. ಆಗ ಎಲೆ ಮೃದು. ದನ, ಕುರಿ, ಒಂಟೆಗಳು ಬಯಸಿ ಮೇಯುತ್ತವೆ. ಕೊಯ್ದುದನ್ನು ತೆಳ್ಳಗೆ ಹರಡಿ, ತಿರುವಿಹಾಕಿ, ಪೂರ್ತಿ ಒಣಗಿದ ಮೇಲಷ್ಟೇ ಬಣವೆಯೊಟ್ಟಬೇಕು. ಹಸಿ ಉಳಿದರೆ ಬೂಷ್ಟು ಹಿಡಿಯುವುದು. ಮುಳ್ಳು ಬಲಿತ ಮೇಲೆ ಮಂದೆಯನ್ನು ಅತ್ತ ಬಿಡಲಾಗದು: ಬಾಯಿ ಹುಣ್ಣಾಗುವುದಲ್ಲದೆ, ಕಾಯಿ ಸಿಕ್ಕಿಕೊಂಡು ಉಣ್ಣೆಯೂ ಕೆಡುತ್ತದೆ. ಕಾಯಿಗಳೆಲ್ಲ ಉದುರಿದ ಬಳಿಕ ನಿಂತ ಒಣಹುಲ್ಲನ್ನು ಮತ್ತೆ ಮೇಯಿಸಬಹುದು.

ಕಾಳು ಬೇಕಾದವರು ಕಾಯಬೇಕು. ಸಹಾರಾದ ಅಂಚಿನ ತುವಾರೆಗ್ ಜನರು ಕಾಯಿ ಉದುರಿದ ಮೇಲೆ ಹುಲ್ಲಿನ ಪೊರಕೆಯಿಂದ ನೆಲವನ್ನು ಗುಡಿಸಿ ರಾಶಿಮಾಡುವರು; ಒಂದೊಂದನ್ನೇ ಬಿಡಿಸುವ ಶ್ರಮಕ್ಕಿಂತ ಇದೇ ಲೇಸು. ಆದರೆ ಒಂದು ಭಾಗವನ್ನು ಗುಡಿಸದೆ ಬಿಡಿರಿ. ಬೇರುಳಿದು ಮತ್ತೆ ಚಿಗುರುವ ಜಾತಿ ಇದಲ್ಲವಾದುದರಿಂದ, ಮುಂದಿನ ವರ್ಷದ ಹುಲ್ಲಿಗೆ ನೆಲದಲ್ಲಿ ಬಿದ್ದ ಬೀಜವೇ ಗತಿ.

ತಂದ ಕಾಯಿಯಿಂದ ಮರಳನ್ನು ಜಾಲಿಸಿ, ಒರಳಿಗೆ ಸ್ವಲ್ಪಸ್ವಲ್ಪವೇ ಹಾಕಿ, ಕಾಳು ನುಗ್ಗಾಗದಂತೆ ಹಗುರವಾಗಿ ಒನಕೆಯಾಡಿಸಿರಿ. ಮುಳ್ಳಿನ ಕವಚ ಒಡೆದೊಡನೆ ಮೊರದಲ್ಲಿ ಕೇರಿ, ಮತ್ತೆ ಕುಟ್ಟಿ, ಮತ್ತೆ ಕೇರಬೇಕು. ಈ ಕೆಲಸದಲ್ಲಿ ಅವಸರ ಸಲ್ಲದು; ಉಳಿದ ಒಂದು ಮುಳ್ಳು ಗಂಟಲಿಗೆ ಅಪಾಯ. ಬೀಸಿದ ಹಿಟ್ಟನ್ನು ಜರಡಿ ಹಿಡಿದು, ರಾಜಸ್ಥಾನದವರು ಬರಗಾಲದಲ್ಲಿ ಮಾಡುತ್ತಿದ್ದಂತೆ ಸಜ್ಜೆಯ ಹಿಟ್ಟಿನೊಡನೆ ಬೆರೆಸಿ ರೊಟ್ಟಿ ತಟ್ಟಬಹುದು. ಸಜ್ಜೆಯೂ ಈ ಹುಲ್ಲಿನ ಹತ್ತಿರದ ಬಂಧುವೇ. ಕೇರಿ ತೆಗೆದ ಹೊಟ್ಟನ್ನು ಮಾತ್ರ ಕೊಟ್ಟಿಗೆಗೂ ಅಂಗಳಕ್ಕೂ ಚೆಲ್ಲದೆ ಒಂದೆಡೆ ಸುಟ್ಟುಹಾಕಿರಿ.